ಶಂಕರೆಪ್ಪ ಕಾಕಾನಿಗೆ ಬಾಗಿಲು ತೆರೆಯುವ ಮ್ಯಾಕ್ರೋ

"ನನ್ನ ಮನಿ ಅಂತ ಒಂದ ಆಗ್ಲಿ ಕಾಕಾ, ನಿಮ್ಮನ್ನ ಬಾಗಲದಾಗ ಒಂದ ಕ್ಷಣಾನೂ ನಿಂದರಸೂದಿಲ್ಲ. ಇದು ನನ್ನ ಮಾತು."

ನನ್ನ ಗಂಡ ರಾಜಶೇಖರ ತಮ್ಮ ಚಿಕ್ಕಪ್ಪ ಶಂಕರೆಪ್ಪನವರಿಗೆ ಈ ಮಾತು ಕೊಟ್ಟದ್ದು ನಾನು ಈ ಮನೆತನಕ್ಕೆ ಸೊಸೆಯಾಗಿ ಬರುವುದಕ್ಕೂ ಬಹಳ ಮೊದಲು. ಒಂದು ಟ್ರಂಕು ಮತ್ತು ಒಂದು ಬಿ.ಕಾಂ. ಪದವಿ ಹೊತ್ತುಕೊಂಡು ಗದಗಿನಿಂದ ಬಂದ ಹುಡುಗ ಕಲ್ಯಾಣದಲ್ಲಿ ಕಾಕಾನ ಅರಿವೆ ಅಂಗಡಿಯ ಹಿಂದಿನ ಖೋಲಿಯ ಮುಂದೆ ನಿಂತಾಗ, ಕದ ಬಡಿಯುವ ಮೊದಲೇ ಕದ ತೆರೆಯಿತಂತೆ. ಕಾಕಾ ಒಳಗೆ ಚಹಾ ಕುದಿಸಿಕೊಂಡು ಕಾಯುತ್ತಿದ್ದರಂತೆ. ಆ ಚಹಾದ ಋಣಕ್ಕೆ ಕೊಟ್ಟ ಮಾತು ಅದು. ಆಗ ಇವರಿಗೆ ಮನೆಯಿರಲಿಲ್ಲವಾದ್ದರಿಂದ ಮಾತು ಕೊಡುವುದು ಸುಲಭವಾಗಿತ್ತು.

ಈಗ ಮನೆಯಾಗಿದೆ. ಠಾಣೆಯ ಮಾಜಿವಾಡಾದಲ್ಲಿ, ಹದಿನೆಂಟನೆಯ ಮಹಡಿಯಲ್ಲಿ, ೧೮೦೩ನೆಯ ನಂಬರಿನ ಫ್ಲ್ಯಾಟು. ಬಾಗಿಲೂ ಇದೆ, ತೇಗದ್ದು. ಆದರೆ ನಮ್ಮ ಸೊಸಾಯಿಟಿಯಲ್ಲಿ ಬಾಗಿಲಿಗೂ ಒಂದು ಬಾಗಿಲಿದೆ. ಬಂದವರು ಮೊದಲು ಗೇಟಿನಲ್ಲಿ ನಿಲ್ಲಬೇಕು. ವಾಚ್‌ಮನ್ ಕೈಲಾಸ ತನ್ನ ಟ್ಯಾಬ್ಲೆಟ್ಟಿನಲ್ಲಿ ಅವರ ಫೋಟೋ ಹೊಡೆಯಬೇಕು. ಆ ಫೋಟೋ ನಮ್ಮ ಫೋನಿಗೆ ಬರಬೇಕು. ನಾವು ಆ್ಯಪ್ ತೆರೆದು "ಬರಲಿ" ಎಂಬ ಹಸಿರು ಗುಂಡಿಯನ್ನೋ "ಬೇಡ" ಎಂಬ ಕೆಂಪು ಗುಂಡಿಯನ್ನೋ ಒತ್ತಬೇಕು. ಯಮಲೋಕದಲ್ಲಿ ಕೂಡ ಇಷ್ಟು ವಿಚಾರಣೆ ಇರಲಾರದು.

ಹೊಸ ಮನೆ ನೋಡಲು ಕಾಕಾ ಒಂದು ಶನಿವಾರ ಹೇಳದೆ ಕೇಳದೆ ಬಂದರು. ನಮ್ಮ ಕಡೆಯ ಹಿರಿಯರು ಹೇಳಿ ಬರುವುದಿಲ್ಲ. ಹೇಳಿ ಬರುವವರು ಆಡಿಟರುಗಳು. ನಾನು ನೌಪಾಡಾದ ಬ್ಯಾಂಕಿನಲ್ಲಿ, ನನ್ನ ಕೌಂಟರಿನಲ್ಲಿದ್ದೆ. ಮಗಳು ಸ್ನೇಹಲ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಈ ಲೋಕದಲ್ಲಿರಲಿಲ್ಲ. ಇವರು ಸ್ನಾನಕ್ಕೆ ಹೋಗಿದ್ದರು. ಇವರ ಫೋನು ಸೋಫಾದ ಸಂದಿಯಲ್ಲಿ ಬಿದ್ದು, ಯಾರಿಗೂ ಕೇಳದಂತೆ ಗುರುಗುಟ್ಟುತ್ತಿತ್ತು.

ಗೇಟಿನಲ್ಲಿ ಕೈಲಾಸ ಮರಾಠಿಯಲ್ಲಿ ಬಹಳ ವಿನಯದಿಂದಲೇ ಕೇಳಿದನಂತೆ: "ಆಜೋಬಾ, ಜರಾ ಟೋಪಿ ಕಾಢಾ. ಚೆಹರಾ ನೀಟ ದಿಸತ ನಾಹೀ."

ಟೋಪಿ ತೆಗೆಯಿರಿ, ಮುಖ ಕಾಣುತ್ತಿಲ್ಲ ಎಂದು! ಶಂಕರೆಪ್ಪ ಕಾಕಾನ ಬಿಳಿ ಟೋಪಿ ದೇವರ ಮುಂದೆ ಮತ್ತು ಹಜಾಮನ ಮುಂದೆ ಮಾತ್ರ ಇಳಿಯುವಂಥದ್ದು. ಕಾಕಾ ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡರು. ಟೋಪಿಯಿಂದ ಕೆಳಗೆ ಮೀಸೆ ಮಾತ್ರ ಕಾಣುವ ಒಂದು ಫೋಟೋ ಮೇಲೆ ಹೋಯಿತು. ಮೇಲಿನಿಂದ ಉತ್ತರ ಬರಲಿಲ್ಲ. ಕಾಕಾ ಕೈಯಲ್ಲಿದ್ದ ಕುಂದಾದ ಡಬ್ಬಿಯೊಡನೆ ಹಾಗೇ ತಿರುಗಿ ಕಲ್ಯಾಣದ ಗಾಡಿ ಹಿಡಿದರು.

ಮುಂದಿನ ಕೆಲಸವನ್ನು ಅವರ ಹೆಂಡತಿ ರತ್ನಾಬಾಯಿ ಕಾಕೂ ಫೋನಿನಲ್ಲಿ ಮಾಡಿದರು. ಕಲ್ಯಾಣದಲ್ಲಿ "ಟೋಪಿ ತಗಿ ಅಂದ್ರಂತ" ಎಂದು ಹೊರಟ ಸುದ್ದಿ ಡೊಂಬಿವಲಿ ತಲುಪುವಾಗ "ಟೋಪಿ ಕಸಗೊಂಡ್ರಂತ" ಎಂದಾಗಿತ್ತು. ಸಂಜೆ ನನ್ನ ಸ್ವಂತ ಅಕ್ಕ ಫೋನು ಮಾಡಿ ಕೇಳಿದಳು: "ಅಲ್ಲವಾ, ಹಿರೀ ಮನಷ್ಯಾನ್ನ ಅಂಗಿ ಬಿಚ್ಚಿಸಿ ತಪಾಸಣಿ ಮಾಡಿಸಿದ್ರಂತಲ್ಲ, ಏನ್ ಬಂದೈತಿ ನಿಮಗ?"

ಇವರು ಕಾಕಾಗೆ ಫೋನು ಮಾಡಿದರು. ಫೋನಿನಲ್ಲಿಯೇ ಬಗ್ಗಿ ನಮಸ್ಕಾರ ಮಾಡಿದರು.

"ಪಂಚಮಿಗೆ ಬರ್ತೇನಿ," ಎಂದರು ಕಾಕಾ. "ನಿನ್ನ ಹೇಂತಿ ಕೈಯಾಗಿನ ಉಂಡಿ ತಿನ್ನಾಕ. ಆವತ್ತೂ ಗೇಟಿನ್ಯಾಗ ನಿಂದರಿಸಿದಿ ಅಂದ್ರ ರಾಜಾ, ನಾ ಸಾಯೂತನಾ ನಿನ್ನ ಹೊಸ್ತಲಾ ದಾಟೂದಿಲ್ಲ."

ಕಾಕಾನ ಮಾತೆಂದರೆ ಹುಡುಗಾಟವಲ್ಲ. ಎಂದೋ ಒಮ್ಮೆ ರೊಟ್ಟಿ ಸೀದಿತ್ತೆಂದು ಡೊಂಬಿವಲಿಯ ಒಂದು ಖಾನಾವಳಿಯ ಮುಂದಿನ ಫುಟ್‌ಪಾತನ್ನೇ ಬಿಟ್ಟವರು ಅವರು. ಖಾನಾವಳಿ ಮುಚ್ಚಿ ಅಲ್ಲಿ ಚಪ್ಪಲಿ ಅಂಗಡಿಯಾಗಿ ವರ್ಷಗಳಾದವು. ಕಾಕಾ ಇವತ್ತಿಗೂ ಆ ಜಾಗ ಬಂದಾಗ ರಸ್ತೆ ದಾಟುತ್ತಾರೆ.

ಇವರಿಗೆ ತಂದೆ ತೀರಿಕೊಂಡ ಮೇಲೆ ತಂದೆಯಾಗಿದ್ದವರು ಕಾಕಾ ಒಬ್ಬರೇ. ಇವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ಆಫೀಸಿನಿಂದ ಬಂದವರ ಮುಖ ಹೊಳೆಯುತ್ತಿತ್ತು. ಈ ಹೊಳಪನ್ನು ನಾನು ಬಲ್ಲೆ. ಮಿಕ್ಸರನ್ನು ತಾವೇ ರಿಪೇರಿ ಮಾಡುತ್ತೇನೆಂದು ಕೂತಾಗಲೂ ಹೀಗೇ ಹೊಳೆದಿತ್ತು. ಆ ಚಟ್ನಿಯ ಕಲೆ ಹಳೆಯ ಮನೆಯ ಛಾವಣಿಯಲ್ಲಿ ಇನ್ನೂ ಇರಬೇಕು.

"ಮ್ಯಾಕ್ರೋ!" ಎಂದರು ಇವರು, ಬೂಟು ಬಿಚ್ಚುವ ಮೊದಲೇ.

"ಕೈಕಾಲ ತೊಳಕೋರಿ ಮೊದಲ."

ಇವರು ತುರ್ಭೆಯ ಒಂದು ಕೆಮಿಕಲ್ ಕಂಪನಿಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದಾರೆ. ಅಲ್ಲಿ ಕೀರ್ತನ್ ಎಂಬ ತರುಣ ಸಹೋದ್ಯೋಗಿ ಇವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದ. ಅದಕ್ಕೆ ಒಮ್ಮೆ ಹೇಳಿಟ್ಟರೆ ಸಾಕು: ಇಂಥದ್ದು ನಡೆದರೆ ಇಂಥ ಆ್ಯಪ್ ತೆರೆ, ಇಂಥ ಗುಂಡಿ ಒತ್ತು. ಮುಂದಿನದನ್ನು ಮನುಷ್ಯ ಮುಟ್ಟಬೇಕಿಲ್ಲ. ಹೀಗೆ ಹೇಳಿಟ್ಟ ಒಂದೊಂದು ಕಟ್ಟಳೆಗೂ ಮ್ಯಾಕ್ರೋ ಎಂದು ಹೆಸರು.

"ನಾ ಮನ್ಯಾಗ ಇಷ್ಟ ವರ್ಷ ಅದನ್ನ ಮಾಡಾಕತ್ತೇನಿ," ಎಂದೆ. "ನೀವು ಟವೆಲ್ ಅಂದ್ರ ಟವೆಲ್, ಚಹಾ ಅಂದ್ರ ಚಹಾ. ನನಗ ಯಾರೂ ಹೆಸರಿಟ್ಟಿಲ್ಲ."

ಮೊದಲು ಸಣ್ಣಪುಟ್ಟ ಮ್ಯಾಕ್ರೋಗಳಾದವು. ಕಿವಿಗೆ ಇಯರ್‌ಫೋನ್ ಚುಚ್ಚಿದರೆ ತಾನಾಗಿ ವಚನ ಗಾಯನದ ಆ್ಯಪ್ ತೆರೆಯುವುದು. ಠಾಣೆ ಸ್ಟೇಷನ್ ಬಂದರೆ ಗಾಡಿಗಳ ವೇಳಾಪಟ್ಟಿ ತೆರೆಯುವುದು. ಫೋನನ್ನು ಎರಡು ಸಲ ಅಲುಗಾಡಿಸಿದರೆ ಹವಾಮಾನದ ಆ್ಯಪ್ ತೆರೆದು ಗಟ್ಟಿಯಾಗಿ ಓದಿ ಹೇಳುವುದು. ಈ ಮೂರನೆಯದರಲ್ಲಿ ಒಂದು ಸಣ್ಣ ತೊಂದರೆಯಿತ್ತು. ಬೆಳಗಿನ ತುರ್ಭೆ ಗಾಡಿಯಲ್ಲಿ ಅಲುಗಾಡದೆ ನಿಂತ ಮನುಷ್ಯನನ್ನು ಯಾರೂ ಕಂಡಿಲ್ಲ. ಇವರ ಅಂಗಿಯ ಜೇಬಿನೊಳಗಿಂದ ಒಂದು ಹೆಣ್ಣು ದನಿ ಐರೋಲಿಯಲ್ಲಿ "ಭಾರೀ ಮಳೆಯ ಸಂಭವ" ಎಂದಿತು, ರಬಾಳೆಯಲ್ಲಿ ಎಂದಿತು, ಘನ್ಸೋಲಿಯಲ್ಲೂ ಎಂದಿತು. ಡಬ್ಬಿಯ ಜನ ಕಿಟಕಿ ಮುಚ್ಚಿಬಿಟ್ಟರು. ಹೊರಗೆ ಬಿಸಿಲಿತ್ತು. ಬೆವರಿನಲ್ಲಿ ಬೆಂದ ಒಬ್ಬ ಗೃಹಸ್ಥ ಇವರಿಗೆ ಹೇಳಿದನಂತೆ: "ಭಾಯೀಸಾಬ್, ಬೀವಿ ಕೋ ಬೋಲೋ ಅಬ್ ಬಸ್ ಕರೇ." ಹೆಂಡತಿಗೆ ಇನ್ನು ಸಾಕುಮಾಡಲು ಹೇಳಿ, ಎಂದು.

ಇದನ್ನು ಇವರು ಮನೆಗೆ ಬಂದು ವಿಜಯವಾರ್ತೆಯಂತೆ ಹೇಳಿದರು. ಆಮೇಲೆ ಗೇಟಿನ ಮ್ಯಾಕ್ರೋಗೆ ಕೈ ಹಾಕಿದರು.

ಕಟ್ಟಳೆ ಸರಳವಾಗಿತ್ತು: ಗೇಟಿನಿಂದ ಕರೆ ಬಂದರೆ ಆ್ಯಪ್ ತೆರೆ, ಹಸಿರು ಗುಂಡಿ ಒತ್ತು. ಜೊತೆಗೆ, ಒತ್ತಿದ್ದು ಮನೆಯವರಿಗೆ ತಿಳಿಯಲೆಂದು, ತಮ್ಮದೇ ದನಿಯನ್ನು ರೆಕಾರ್ಡು ಮಾಡಿಟ್ಟರು: "ಬರ್ರಿ, ಬರ್ರಿ, ಮನಿ ನಿಮ್ದ!"

ಸ್ನೇಹಲ್ ಹೆಡ್‌ಫೋನನ್ನು ಒಂದು ಕಿವಿಯಿಂದ ಸರಿಸಿ ಇಣುಕಿ ನೋಡಿದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ. ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. "ಪಪ್ಪಾ, ಯೇ ತೋ ಸಬ್ ಕೋ ಹಾಂ ಬೋಲೇಗಾ. ಫಿಲ್ಟರ್ ಡಾಲೋ ನಾ." ಇದು ಎಲ್ಲರಿಗೂ ಹೂಂ ಅನ್ನುತ್ತದೆ, ಸೋಸುವುದಕ್ಕೆ ಏನಾದರೂ ಹಾಕಿ, ಎಂದು.

"ಯಾರಿಗೆ ಫಿಲ್ಟರ್? ಕಾಕಾಗ ಫಿಲ್ಟರ್ ಹಾಕ್ಲ್ಯಾ?" ಎಂದು ಇವರು ಗುಡುಗಿದರು. ಅಲ್ಲದೆ ಹೆಸರು ನೋಡಿ ಸೋಸಲೂ ಬರುವಂತಿರಲಿಲ್ಲ, ಕೈಲಾಸ ಯಾರು ಬಂದರೂ ಹೆಸರಿನ ಜಾಗದಲ್ಲಿ "ಪಾಹುಣೆ", ಅಂದರೆ ಅತಿಥಿ, ಎಂದಷ್ಟೇ ಹಾಕುತ್ತಿದ್ದ. ಅವನ ದೃಷ್ಟಿಯಲ್ಲಿ ಎಲ್ಲರೂ ಸಮಾನರು.

ಮೊದಲ ದಿನ ಕೊರಿಯರಿನವನು ಬಂದ. "ಬರ್ರಿ, ಬರ್ರಿ, ಮನಿ ನಿಮ್ದ!" ಎಂದಿತು ಫೋನು. ಇವರು ನನ್ನ ಕಡೆ ನೋಡಿದ ನೋಟದಲ್ಲಿ ಚಂದ್ರನ ಮೇಲೆ ಇಳಿದವರ ಗಂಭೀರತೆಯಿತ್ತು.

ಎರಡನೆಯ ದಿನ ನೀರು ಶುದ್ಧಮಾಡುವ ಯಂತ್ರ ಮಾರುವವನು ಬಂದ. ಕುಡಿಯುವ ನೀರಿನಲ್ಲಿ ಎರಡು ತಂತಿ ಇಳಿಸಿ, ಅದನ್ನು ಕಂದು ಬಣ್ಣಕ್ಕೆ ತಿರುಗಿಸಿ, ನಾವೆಲ್ಲ ಇನ್ನೂ ಬದುಕಿರುವುದಕ್ಕೆ ಆಶ್ಚರ್ಯ ಸೂಚಿಸಿ ಹೋದ. ಅವನು ಕೆಳಗೆ ಹೋಗಿ ಏನು ಹೇಳಿದನೋ. ವಾರದೊಳಗೆ ಮಾಜಿವಾಡಾ ನಾಕಾದ ಮಾರಾಟಗಾರರಿಗೆಲ್ಲ ಒಂದು ಗುಟ್ಟು ಗೊತ್ತಾಯಿತು: ಈ ಸೊಸಾಯಿಟಿಯಲ್ಲಿ ಯಾವ ಮನೆಯವರು ಬೇಡವೆಂದರೂ ಚಿಂತೆಯಿಲ್ಲ, ೧೮೦೩ ಎಂದರೆ ಸಾಕು, ಗೇಟು ತೆರೆಯುತ್ತದೆ.

ಇನ್ಷೂರೆನ್ಸಿನವರು ಬಂದರು. ಹಾಸಿಗೆ ಸ್ವಚ್ಛಮಾಡುವವರು ಬಂದರು. ಗಣಪತಿಯ ವರ್ಗಣಿ, ಅಂದರೆ ಚಂದಾ, ಕೇಳುವ ಮಂಡಳಿಗಳು ಡೋಲಿನ ಸಮೇತ ಬಂದವು. ಕೈ ನೋಡದೆ ಹಣೆ ಮಾತ್ರ ನೋಡಿ ಭವಿಷ್ಯ ಹೇಳುವ ಒಬ್ಬ ಸಾಧು ಬಂದು, ನನ್ನ ಹಣೆ ನೋಡಿ, "ತಾಯೀ, ನಿನಗೆ ನಿದ್ದೆ ಕಡಿಮೆ" ಎಂದ. ಬ್ಯಾಂಕಿನಿಂದ ಬಂದು, ಎರಡು ಕೈಯಲ್ಲಿ ಕಾಯಿಪಲ್ಯದ ಚೀಲ ಹಿಡಿದು, ಬಾಗಿಲಲ್ಲಿ ಸಾಧುವನ್ನು ಕಂಡ ಹೆಂಗಸಿಗೆ ಇದನ್ನು ಹೇಳಲು ತಪಸ್ಸು ಬೇಕಾಗಿಲ್ಲ.

ಎದುರು ಮನೆ ೧೮೦೪ರಲ್ಲಿ ಪ್ರಭಕ್ಕ ಇದ್ದಾರೆ. ಉಡುಪಿ ಕಡೆಯವರು, ಗಂಡನದು ವಾಶಿಯಲ್ಲಿ ಹೋಟೆಲು. ಅವರು ಬಾಗಿಲು ತೆರೆದು ನಮ್ಮ ಮುಂದಿನ ಸಾಲನ್ನು ಮೇಲಿನಿಂದ ಕೆಳಗೆ ನೋಡಿದರು.

"ಎಂತ ಮಾರಾಯ್ತಿ, ನಿಮ್ಮಲ್ಲಿ ಎಂತಾದ್ರೂ ಫಂಕ್ಷನ್ ಉಂಟಾ? ನನ್ನನ್ನು ಕರೀಲೇ ಇಲ್ವಲ್ಲ?"

"ಫಂಕ್ಷನ್ ಅಲ್ಲ ಪ್ರಭಕ್ಕ, ಮ್ಯಾಕ್ರೋ."

"ಅಯ್ಯೋ ದೇವರೇ," ಎಂದರು ಪ್ರಭಕ್ಕ, ದನಿ ತಗ್ಗಿಸಿ. "ಡಾಕ್ಟರು ಎಂತ ಹೇಳಿದ್ರು?"

ಸೊಸಾಯಿಟಿಯ ಕಮಿಟಿ ತುರ್ತು ಸಭೆ ಕರೆಯಿತು. ಸೆಕ್ರೆಟರಿ ಸುದರ್ಶನ ಧಾರಪ್ ನಿವೃತ್ತ ಹೆಡ್‌ಮಾಸ್ತರರು. ಇಂದಿಗೂ ಲಿಫ್ಟಿನಲ್ಲಿ ಮಾತಾಡುವವರನ್ನು ಕಣ್ಣಿನಿಂದಲೇ ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ನಾನೂ ಹೋಗಿದ್ದೆ, ಗಂಡನನ್ನು ಒಬ್ಬನನ್ನೇ ಕಳಿಸುವ ಧೈರ್ಯವಾಗಲಿಲ್ಲ.

"ರಾಜಶೇಖರಜೀ, ಹೇ ಕಾಯ ಚಾಲಲಂಯ?" ಎಂದರು ಧಾರಪ್. ಇದೇನು ನಡೆದಿದೆ? ಫ್ಲ್ಯಾಟಿನಲ್ಲಿ ಲಾಜಿಂಗ್ ನಡೆಸುತ್ತಿದ್ದೀರಾ? ಕೋಚಿಂಗ್ ಕ್ಲಾಸೇ? ಸತ್ಸಂಗವೇ? ಇಡೀ ಬಿಲ್ಡಿಂಗಿಗೆ ಬರುವಷ್ಟು ಜನ ನಿಮ್ಮ ಒಬ್ಬರ ಮನೆಗೇ ಏಕೆ ಬರುತ್ತಾರೆ?

ಇವರು ಎದ್ದು ನಿಂತು ಅಂಗಿ ಸರಿಮಾಡಿಕೊಂಡರು. ಅನಂತರ, ಹೆಂಡತಿಯ ಕೈ ಸೆರಗಿನ ಕೆಳಗಿನಿಂದ ಜಗ್ಗುತ್ತಿದ್ದರೂ, ಮ್ಯಾಕ್ರೋ ಎಂದರೇನು ಎಂಬುದನ್ನು ಸಭೆಗೆ ವಿವರಿಸಿದರು. ತಮ್ಮ ಸಂಬಳದ ಹೆಚ್ಚಳ ಕೇಳುವಾಗ ಈ ವಾಗ್ಮಿತೆ ಎಲ್ಲಿರುತ್ತದೋ ತಿಳಿಯದು.

ಖಜಾಂಚಿ ಮೆಲ್ಲಗೆ ಕೇಳಿದರು, ಇಂಥದ್ದೇ ಒಂದನ್ನು ತಮಗೂ ಹಾಕಿಕೊಡಬಹುದೇ, ಆದರೆ ಹಸಿರು ಗುಂಡಿಯ ಬದಲು ಕೆಂಪು ಗುಂಡಿ ಒತ್ತುವಂಥದ್ದು, ಏಕೆಂದರೆ ಹೆಂಡತಿಯ ತಮ್ಮ ಪ್ರತಿ ಭಾನುವಾರ ಬರುತ್ತಾನೆ. ಧಾರಪ್ ಮೇಜು ಕುಟ್ಟಿದರು. ತೀರ್ಪು ಹೊರಬಿತ್ತು: ಇನ್ನು ಒಬ್ಬ ಬೇಡದ ಮನುಷ್ಯ ೧೮೦೩ರ ಹೆಸರಿನಲ್ಲಿ ಒಳಗೆ ಬಂದರೂ ಆ ಫ್ಲ್ಯಾಟಿನ ಆ್ಯಪೇ ಬಂದ್. ಆಮೇಲೆ ಅವರ ಅತಿಥಿಗಳು ಲಿಖಿತ ಅರ್ಜಿ ಕೊಟ್ಟು, ಕಮಿಟಿಯ ಸಹಿ ಪಡೆದು ಒಳಗೆ ಬರತಕ್ಕದ್ದು.

ಪಂಚಮಿ ಆ ವಾರದಲ್ಲೇ ಇತ್ತು. ಶಂಕರೆಪ್ಪ ಕಾಕಾ, ಟೋಪಿ ಹಾಕಿಕೊಂಡು, ಲಿಖಿತ ಅರ್ಜಿ ಬರೆಯುವುದು!

"ಮ್ಯಾಕ್ರೋ ತಗದ ಒಗೀರಿ," ಎಂದೆ ಮನೆಗೆ ಬಂದು. "ಪಂಚಮಿ ದಿವಸ ನೀವ ಹೋಗಿ ಗೇಟಿನ್ಯಾಗ ನಿಂದರ್ರಿ. ಕಾಕಾ ಬಂದ್ರ ಕೈ ಹಿಡಕೊಂಡ ಕರಕೊಂಡ ಬರ್ರಿ. ಮುಗೀತು."

ಇವರು ನನ್ನನ್ನು ಕನಿಕರದಿಂದ ನೋಡಿದರು. "ಅದು ಮ್ಯಾನ್ಯುವಲ್," ಎಂದರು.

ಆ ಸಂಜೆ ಮ್ಯಾಕ್ರೋ ಪರಿಷ್ಕೃತವಾಯಿತು. ಇನ್ನು ಮೇಲೆ ಗೇಟಿನಿಂದ ಯಾವ ಕರೆ ಬಂದರೂ ಫೋನು ಆ್ಯಪ್ ತೆರೆದು ಕೆಂಪು ಗುಂಡಿ ಒತ್ತುವುದು. ಪಂಚಮಿಯ ದಿನ ಊಟದ ಹೊತ್ತಿಗೆ ಮಾತ್ರ ಹಸಿರು. ದನಿಯನ್ನೂ ಹೊಸದಾಗಿ ತುಂಬಿದರು. ಹಸಿರಿಗೆ ಹಳೆಯದೇ. ಕೆಂಪಿಗೆ: "ಈಗ ಆಗೂದಿಲ್ರಿ. ನಮಸ್ಕಾರ."

ಮೂರು ದಿನ ನಮ್ಮ ಮನೆಯಲ್ಲಿ ಶಾಂತಿ ನೆಲೆಸಿತು. ಹಾಲಿನ ಪ್ಯಾಕೆಟ್ಟು ಬರಲಿಲ್ಲ, ಗ್ಯಾಸ್ ಸಿಲಿಂಡರು ಬರಲಿಲ್ಲ, ಕಸ ಗುಡಿಸುವ ಹೆಂಗಸೂ ಗೇಟಿನಿಂದಲೇ ಹಿಂದಿರುಗಿದಳು. ಗುಡಿಸಿ ಸಾರಿಸಿ, ಉಂಡಿಗೆ ಎಳ್ಳು ಹುರಿದು, ಶೇಂಗಾದ ಸಿಪ್ಪೆ ತೆಗೆದು, ಬ್ಯಾಂಕಿಗೂ ಹೋಗಿ ಬಂದವಳು ನಾನು. ಧಾರಪ್ ಮಾತ್ರ ಲಿಫ್ಟಿನಲ್ಲಿ ಇವರನ್ನು ಕಂಡು ತಲೆದೂಗಿದರಂತೆ.

ಪಂಚಮಿಯ ಬೆಳಗಾಯಿತು. ನಾನು ರಜೆ ಹಾಕಿದ್ದೆ. ಎಳ್ಳುಂಡಿ, ಶೇಂಗಾದುಂಡಿ, ಅಳ್ಳಿಟ್ಟು ಎಲ್ಲ ಡಬ್ಬಿಗಳಲ್ಲಿ ಸಿದ್ಧವಾಗಿದ್ದವು. ಮಣ್ಣಿನ ನಾಗಪ್ಪನನ್ನು ದೇವರ ಮುಂದೆ ಕೂರಿಸಿದ್ದೆ. ಇವರು ಮಡಿಯಲ್ಲಿ, ಕಾಕಾಗೆಂದು ಹೊಸ ಧೋತರದ ಜೋಡಿಯನ್ನು ತಟ್ಟೆಯಲ್ಲಿಟ್ಟುಕೊಂಡು, ಹಾಲು ಹಾಕಲು ಕೂತರು. ಫೋನು ಶೆಲ್ಫಿನ ಮೇಲಿತ್ತು. "ಮಡಿ ಒಳಗ ಯಾರೂ ಅದನ್ನ ಮುಟ್ಟಬ್ಯಾಡ್ರಿ," ಎಂದು ಅಪ್ಪಣೆಯಾಗಿತ್ತು. "ಅದಕ್ಕ ತನ್ನ ಕೆಲಸ ಗೊತ್ತೈತಿ."

ನಮ್ಮ ಕಡೆ ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಪಾಲು ಹಾಕುತ್ತಾರೆ.

"ಅಪ್ಪನ ಪಾಲು," ಎಂದರು ಇವರು, ಕೊಬ್ಬರಿ ಬಟ್ಟಲಿನಿಂದ ಹಾಲು ಬಿಡುತ್ತ. "ಅವ್ವನ ಪಾಲು."

ಫೋನು ಕರೆಯಿತು. ಒಂದು ಕ್ಷಣ ಬಿಟ್ಟು, ಇವರ ದನಿಯಲ್ಲೇ, ಶೆಲ್ಫಿನಿಂದ: "ಈಗ ಆಗೂದಿಲ್ರಿ. ನಮಸ್ಕಾರ."

"ನೋಡಿದಿ?" ಎಂದರು ಇವರು. "ಹಬ್ಬದ ದಿವಸಾನೂ ಬಿಡೂದಿಲ್ಲ ಈ ಇನ್ಷೂರೆನ್ಸಿನವರು. ಹಂ. ಕಾಕಾನ ಪಾಲು."

"ಈಗ ಆಗೂದಿಲ್ರಿ. ನಮಸ್ಕಾರ."

"ಕಾಕೂನ ಪಾಲು."

"ಈಗ ಆಗೂದಿಲ್ರಿ. ನಮಸ್ಕಾರ."

ನನ್ನ ಕೈಯಲ್ಲಿದ್ದ ಆರತಿ ತಟ್ಟೆ ಅಲ್ಲಿಯೇ ನಿಂತಿತು. ನನಗೆ ನನ್ನ ತವರುಮನೆಯ ಪಂಚಮಿ ನೆನಪಾಯಿತು. ಉಂಡಿ ತಿನ್ನಲು ಹಿರಿಯರು ಬರುವುದು ಊಟಕ್ಕಲ್ಲ. ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ, ಹಾಲೆರೆಯುವ ಹೊತ್ತಿಗೆ. ತಮ್ಮ ಪಾಲನ್ನು ತಾವೇ ಹಾಕಿ ಆಮೇಲೆ ಉಂಡಿ ಮುರಿಯುವುದು. ಇಷ್ಟು ವರ್ಷ ಠಾಣೆಯಲ್ಲಿ, ನಾನು ಆಫೀಸಿಗೆ ಓಡುವ ಮೊದಲು ನಾಲ್ಕು ಹನಿ ಹಾಲು ಚಿಮುಕಿಸಿ ಹೋಗುತ್ತಿದ್ದೆ. ಇವರ ಪಾಲಿಗೆ ಪಂಚಮಿ ಎಂದರೆ ರಾತ್ರಿ ತಟ್ಟೆಗೆ ಬೀಳುವ ಉಂಡಿ ಮಾತ್ರವಾಗಿಹೋಗಿತ್ತು.

"ಅಲ್ರೀ, ಕಾಕಾ ಎಷ್ಟೊತ್ತಿಗೆ ಬರ್ತೇನಿ ಅಂದಾರ?"

"ಉಂಡಿ ತಿನ್ನಾಕ ಬರ್ತೇನಿ ಅಂದಾರ. ಊಟಕ್ಕ."

"ಊಟಕ್ಕ ಅಂದಾರೇನು?"

ಇವರ ಕೈಯಲ್ಲಿನ ಬಟ್ಟಲು ಓರೆಯಾಯಿತು. ಯಾರ ಪಾಲೋ ತಿಳಿಯದ ಹಾಲು ಸುರಿದು ಹೋಗುತ್ತಿತ್ತು. ಸ್ನೇಹಲ್ ಎದ್ದು ಹೋಗಿ, ಮಡಿಯನ್ನು ಲೆಕ್ಕಿಸದೆ, ಫೋನು ತೆಗೆದು ನೋಡಿದಳು. ಮೂರು ಫೋಟೋಗಳು. ಮೂರರಲ್ಲೂ ಒಂದು ಬಿಳಿ ಟೋಪಿ ಮತ್ತು ಒಂದು ಮೀಸೆ. ಮೂರರ ಮೇಲೂ ಕೆಂಪಕ್ಷರದಲ್ಲಿ: ಬೇಡ, ಬೇಡ, ಬೇಡ.

"ಪಪ್ಪಾ," ಎಂದಳು ಅವಳು, ಜೀವನದಲ್ಲಿ ಮೊದಲ ಸಲ ಕನ್ನಡದಲ್ಲಿ, "ಅಜ್ಜಾಗ ಬ್ಯಾಡ ಅಂದೀರಿ."

ಮಡಿಯ ಪಂಚೆ ಉಟ್ಟ ಅಕೌಂಟ್ಸ್ ಮನುಷ್ಯನೊಬ್ಬ ಹದಿನೆಂಟು ಮಹಡಿ ಇಳಿದದ್ದನ್ನು ನಾನು ನೋಡಲಿಲ್ಲ. ಲಿಫ್ಟಿಗಾಗಿ ಅವರು ಕಾಯಲಿಲ್ಲ ಎಂಬುದು ಮಾತ್ರ ಗೊತ್ತು. ಗೇಟಿನಲ್ಲಿ ಕಾಕಾ ಇರಲಿಲ್ಲ. ಕೈಲಾಸ ಇದ್ದ. ಸಾಹೇಬರೇ ಮೂರು ಸಲ ಬೇಡವೆಂದಿರಿ, ನಾನು ಮತ್ತೇನು ಮಾಡಲಿ, ಎಂದ. ಅವನ ಮುಂದಿನ ಮಾತು ಕೇಳಲು ನಿಲ್ಲದೆ ಇವರು ಮಾಜಿವಾಡಾ ನಾಕಾದ ತನಕ ಬರಿಗಾಲಲ್ಲಿ ಓಡಿ, ಕಲ್ಯಾಣದ ಕಡೆ ಹೋಗುವ ಒಂದೊಂದು ಬಸ್ಸಿನ ಕಿಟಕಿಯಲ್ಲೂ ಟೋಪಿ ಹುಡುಕಿದರು. ಒಬ್ಬ ಕಂಡಕ್ಟರು ಇವರಿಗೆ ಚಿಲ್ಲರೆ ಕೊಟ್ಟನಂತೆ.

ಆ ಹೊತ್ತಿಗೆ ನಮ್ಮ ಬೆಲ್ಲು ಆಯಿತು. ಪ್ರಭಕ್ಕ ನಿಂತಿದ್ದರು.

"ಮಾರಾಯ್ತಿ, ಗಾಬರಿ ಆಗ್ಬೇಡಿ. ನಾನು ಹೂ ತರ್ಲಿಕ್ಕೆ ಕೆಳಗೆ ಹೋಗಿದ್ದೆ. ಗೇಟಲ್ಲಿ ಒಬ್ಬರು ಅಜ್ಜ ನಿಂತು ಕನ್ನಡದಲ್ಲಿ ಬೈತಾ ಇದ್ರು. ಎಷ್ಟು ಚಂದ ಬೈತಿದ್ರು ಅಂದ್ರೆ, ಬಿಟ್ಟು ಬರ್ಲಿಕ್ಕೆ ಮನಸ್ಸಾಗ್ಲಿಲ್ಲ. ನಮ್ಮ ಮನೆಗೆ ಅಂತ ಹೇಳಿ ಕರ್ಕೊಂಡು ಬಂದೆ. ನಿಮ್ಮ ಕಾಕಾ ಅಂತಲ್ಲ?"

೧೮೦೪ರ ತೆರೆದ ಬಾಗಿಲಿನಿಂದ ನೋಡಿದೆ. ಶಂಕರೆಪ್ಪ ಕಾಕಾ ಸೋಫಾದ ಮೇಲೆ ಪದ್ಮಾಸನ ಹಾಕಿ ಕೂತು, ಅರಿಶಿನ ಎಲೆಯ ಕಡುಬನ್ನು ಬಿಡಿಸುತ್ತಿದ್ದರು. ಅವರ ಪಾಲಿನ ಹಾಲನ್ನು ಪ್ರಭಕ್ಕನ ಮನೆಯ ನಾಗದೇವರಿಗೆ ಆಗಲೇ ಎರೆದಾಗಿತ್ತು.

ಇವರು ಮೇಲೆ ಬಂದರು. ಪಂಚೆ ಮೊಣಕಾಲಿನವರೆಗೆ ಕೆಸರು. ಪ್ರಭಕ್ಕನ ಬಾಗಿಲಲ್ಲಿ ನಿಂತು ಏದುಸಿರು ಬಿಡುತ್ತ, "ಕಾಕಾ..." ಎಂದರು.

ಕಾಕಾ ತಲೆಯೆತ್ತಲಿಲ್ಲ. "ಯಾರದು?"

"ನಾನ್ರೀ, ರಾಜಾ."

"ಎಲ್ಲಿಂದ ಬಂದೀರಿ? ಯಾರ್ನ ನೋಡಬೇಕಾಗಿತ್ತು?"

"ತಪ್ಪಾತ್ರೀ ಕಾಕಾ. ನಾ ಅಲ್ಲರೀ ಬ್ಯಾಡ ಅಂದದ್ದು, ಮ್ಯಾಕ್ರೋ."

"ದನಿ ನಿಂದ ಇತ್ತಲ್ಲೋ?" ಎಂದು ಕಾಕಾ ಮೊದಲ ಸಲ ತಲೆಯೆತ್ತಿದರು. ಗೇಟಿನ ಟ್ಯಾಬ್ಲೆಟ್ಟಿನಲ್ಲೂ ಆ ದನಿ ಕೇಳಿಸುತ್ತದೆಂಬುದು ಇವರಿಗೆ ಆಗ ತಿಳಿಯಿತು. "ನಮಸ್ಕಾರ ಬ್ಯಾರೆ ಮಾಡ್ತೀ! ಮೂರ ಸಲ! ನಾನೂ ಒಂದ ಸಲ ತಿರುಗಿ ನಮಸ್ಕಾರ ಮಾಡೀನಿ, ಎಲ್ಲಾರೂ ನೋಡ್ಯಾರ." ಪ್ರಭಕ್ಕನ ಕಡೆ ತಿರುಗಿದರು. "ಏನವಾ ತಂಗೀ, ಇವರನ್ನ ಒಳಗ ಬಿಡೂದೇನು? ನೋಡಿದ್ರ ಮಂದಿ ಚಲೋ ಇದ್ಹಂಗ ಕಾಣ್ತಾರ."

"ಬರ್ಲಿ ಕಾಕಾ, ಪಾಪ," ಎಂದರು ಪ್ರಭಕ್ಕ. "ಕಾಲು ತೊಳ್ಕೊಂಡು ಬರ್ಲಿ."

ಇವರು ಕಾಲು ತೊಳೆದು ಬಂದು ಕಾಕಾನ ಕಾಲಿಗೆ ಬಿದ್ದರು. ಕಾಕಾ ಎಬ್ಬಿಸಿದರು, ಬೆನ್ನು ತಟ್ಟಿದರು, ಬಾಯಿಗೆ ಕಡುಬಿನ ತುಂಡು ಇಟ್ಟರು. ಎದುರಿನ ಬಾಗಿಲಿಗೆ ಮಾತ್ರ ಬರಲಿಲ್ಲ. "ಮಾತಂದ್ರ ಮಾತು," ಎಂದರು. ನಾನು, ಸ್ನೇಹಲ್ ಇಬ್ಬರೂ ಡಬ್ಬಿಗಳನ್ನೂ, ಹೊಸ ಧೋತರದ ತಟ್ಟೆಯನ್ನೂ ಆಚೆ ಹೊತ್ತು, ೧೮೦೪ರಲ್ಲೇ ಎಲ್ಲರೂ ಕೂತು ಹಬ್ಬ ಮಾಡಿದೆವು. ಕಾಕಾ ಏಳು ಉಂಡಿ ತಿಂದು, ಶೇಂಗಾದುಂಡಿಗೆ ಬೆಲ್ಲ ಕಡಿಮೆಯಾಯಿತೆಂದರು.

ಮ್ಯಾಕ್ರೋಗಳನ್ನೆಲ್ಲ ಇವರು ಅಂದೇ ತೆಗೆದುಹಾಕಿದರು. ಈಗ ಗೇಟಿನಿಂದ ಕರೆ ಬಂದರೆ ಸ್ನಾನದ ಮನೆಯಿಂದ ಸೋಪು ಮೆತ್ತಿದ ಕೈಯಲ್ಲೇ ಓಡಿಬರುತ್ತಾರೆ. ಕಾಕಾ ಮೊದಲಿಗಿಂತ ಹೆಚ್ಚು ಬರುತ್ತಾರೆ, ತಿಂಗಳಿಗೆರಡು ಸಲವಾದರೂ. ಗೇಟಿನಲ್ಲಿ "೧೮೦೪" ಎನ್ನುತ್ತಾರೆ. ಪ್ರಭಕ್ಕ "ಬರಲಿ" ಒತ್ತುತ್ತಾರೆ. ಕಾಕಾ ಅವರ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ನಮ್ಮ ತೆರೆದ ಬಾಗಿಲಿನೊಳಗೆ ನೋಡುತ್ತ, ನನ್ನ ಸಾರಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂಬುದನ್ನು ಆಚೆಯಿಂದಲೇ ಹೇಳುತ್ತಾರೆ. ನಾವು ತಟ್ಟೆ ಹಿಡಿದು ಆ ಕಡೆ ಹೋಗುತ್ತೇವೆ.

ನಮ್ಮ ಹೊಸ್ತಿಲನ್ನು ಅವರು ಈವರೆಗೆ ದಾಟಿಲ್ಲ. ಕಲ್ಯಾಣದ ಖೋಲಿಯಲ್ಲಿ ನನ್ನ ಗಂಡ ಕೊಟ್ಟ ಮಾತು ಮುರಿಯಿತು.